ಕಾರ್ತಿಕದ ಕೂಟವೂ ಕಾಯದ ವಿಶ್ರಾಂತಿಯೂ

ಆಶ್ವಯುಜ ಕಾರ್ತಿಕ ಮಾಸಗಳೆರಡನ್ನೂ ಶರದೃತುವೆಂದು ಕರೆಯುವರು. ಮಳೆಯು ಹಿಂದೆಗೆದು ಆಕಾಶವು ತಿಳಿಯಾಗುವ ಈ ಕಾಲದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆಯ ಹೊಲಗಳಲ್ಲಿ ರಾಗಿಯು ತೆನೆಯೊಡೆದು ಕಾಳುಗಟ್ಟುತ್ತದೆ. ಕೊಯ್ಲಿಗೆ ಇನ್ನೂ ಕೆಲವು ವಾರಗಳ ಬಿಡುವಿರುತ್ತದೆ. ಆ ಬಿಡುವನ್ನು ತುಂಬುವುದಕ್ಕೆಂದೇ ಎಂಬಂತೆ ಮಹಾನವಮಿ, ಆಯುಧಪೂಜೆ, ದೀಪಾವಳಿ, ಕಾರ್ತಿಕ ಸೋಮವಾರಗಳು ಸಾಲಾಗಿ ಬರುವುವು. ಒಂದು ದಿನ ಬೀಗರ ಮನೆ, ಒಂದು ದಿನ ಶಿವಗಂಗೆಯ ಬೆಟ್ಟ, ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ! ಹೀಗೆ ತಿರುಗಿದ ಗೃಹಸ್ಥನು ದಣಿದ ಮೈಯಲ್ಲಿಯೇ ಕುಡುಗೋಲು ಹಿಡಿಯುವುದುಂಟು. ಕೂಟವೆಷ್ಟು, ವಿಶ್ರಾಂತಿಯೆಷ್ಟು ಎಂಬುದಕ್ಕೆ ಶರಣಮಾರ್ಗದಲ್ಲಿ ಆಧಾರವೇನಿದೆ?

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವು ಇಲ್ಲಿ ನೆನೆಯತಕ್ಕದ್ದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟರು. ಲಕ್ಕಮ್ಮ ಬಂದು ಕಾಯಕವು ನಿಂತಿರುವುದನ್ನು ನೆನಪಿಸಿದಳು. ಅಲ್ಲಿ ನಡೆಯುತ್ತಿದ್ದುದು ಹರಟೆಯಲ್ಲ, ಅನುಭಾವ. ಅದಕ್ಕೂ ಒಂದು ಹೊತ್ತುಂಟೆಂಬುದು ಆ ತಾಯಿಯ ಮತ. ಅನಂತರ ಪತಿಯು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಸಂಗಕ್ಕೂ ಮಿತಿ, ಸಂಗ್ರಹಕ್ಕೂ ಮಿತಿ. ಹಾಗೆಂದು ಬಂಧುಜನರನ್ನು ದೂರವಿಡಬೇಕೆಂದು ಅರ್ಥವಲ್ಲ. ಶರಣಸಂಗವನ್ನು ಹೊಗಳದ ವಚನಕಾರರೇ ವಿರಳ.

ಇನ್ನು ವಿಶ್ರಾಂತಿಯ ಮಾತು. ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ದೇಹವನ್ನು ದೇಗುಲವೆಂದು ಕಂಡ ಬಸವಣ್ಣನವರ ಅನುಯಾಯಿಗಳಿಗೆ ಅದನ್ನು ಶಿಥಿಲಗೊಳಿಸುವ ಅಧಿಕಾರವೆಲ್ಲಿಯದು? ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಎಣಿಸಿದೆ. ಮಳೆಗಾಲದಲ್ಲಿ ಸಂಚಯವಾದ ಪಿತ್ತವು ಶರತ್ಕಾಲದ ಬಿಸಿಲಿಗೆ ಕೆರಳುವುದರಿಂದ, ಈ ಋತುವಿನಲ್ಲಿ ಕಂಠಪೂರ್ತಿ ಭೋಜನವನ್ನೂ ಹಗಲು ನಿದ್ರೆಯನ್ನೂ ವಾಗ್ಭಟನು ನಿಷೇಧಿಸಿರುವನು. ಹಬ್ಬದ ಮನೆಗಳಲ್ಲಿ ತಪ್ಪದೆ ನಡೆಯುವುವು ಈ ಎರಡೇ ಅಲ್ಲವೇ! ವಿಶ್ರಾಂತಿಯೆಂದರೆ ಉಂಡು ಮಲಗುವುದಲ್ಲ, ರಾತ್ರಿಯ ನಿದ್ರೆಯನ್ನು ಕೂಟಗಳಿಗೆ ಬಲಿಗೊಡದಿರುವುದು. ಆದರೆ ದೊಡ್ಡಬಳ್ಳಾಪುರದ ಮಗ್ಗಗಳಲ್ಲಿಯೋ, 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನನಿಲ್ದಾಣದಲ್ಲಿಯೋ ರಾತ್ರಿಯ ಪಾಳಿ ದುಡಿದು ಬಂದವನ ಮಾತೇ ಬೇರೆ. ರಾತ್ರಿ ಎಚ್ಚರವಿದ್ದವನು ಕಳೆದುಕೊಂಡ ನಿದ್ರೆಯ ಅರ್ಧದಷ್ಟನ್ನು ಬೆಳಿಗ್ಗೆ ಊಟಕ್ಕೆ ಮೊದಲು ಪಡೆಯಲೆಂದು ಅದೇ ಗ್ರಂಥದಲ್ಲಿ ಹೇಳಿದೆ. ನೆಂಟರು ಬಂದಿರುವರೆಂದು ಅಂಥವನನ್ನು ಎಬ್ಬಿಸಿ ಎಲೆಯ ಮುಂದೆ ಕೂಡಿಸುವುದು ಉಪಚಾರವಲ್ಲ.

ಎಲ್ಲಕ್ಕಿಂತ ಯೋಚಿಸತಕ್ಕ ಸಂಗತಿ ಮನೆಯ ಗೃಹಿಣಿಯದು. ಈ ಸೀಮೆಯ ಅನೇಕ ಮನೆಗಳಲ್ಲಿ ದೀಪಾವಳಿಗೆ ನೋಮುವ ಪದ್ಧತಿಯಿದೆ, ನೋಮಿಗೆ ಕಜ್ಜಾಯವಾಗಬೇಕು. ಅಕ್ಕಿ ನೆನೆಸಿ, ನೆರಳಿನಲ್ಲಿ ಆರಿಸಿ, ಹಿಟ್ಟು ಮಾಡಿ, ಬೆಲ್ಲದ ಪಾಕಕ್ಕೆ ಬೆರೆಸಿ, ಒಂದೊಂದನ್ನೇ ತಟ್ಟಿ ಬಾಣಲೆಗೆ ಬಿಡುವ ಕೆಲಸ ಅದು. ಬಂದವರೆಲ್ಲ ಉಂಡು, ಎಲೆಯಡಿಕೆ ಹಾಕಿಕೊಂಡು ಜಗುಲಿಯಲ್ಲಿ ಮಾತಿಗೆ ಕುಳಿತ ಮೇಲೆ ಅವಳ ಇಷ್ಟಲಿಂಗಪೂಜೆ, ಅದೂ ಆತುರದಲ್ಲಿ. ಕೆಲವು ದಿನ ಅದೂ ಇಲ್ಲ. ಇದನ್ನು ದಾಸೋಹವೆಂದು ಕರೆಯಲು ನಾಲಗೆ ಏಳದು. ತನು, ಮನ, ಧನಗಳನ್ನು ಸವೆಸುವುದು ದಾಸೋಹವೆಂಬುದು ನಿಜ. ಆದರೆ ಇಲ್ಲಿ ಕರೆದವನೊಬ್ಬ, ಸವೆಯುವ ತನು ಇನ್ನೊಬ್ಬಳದು. ಲಿಂಗಪೂಜೆಯ ಅಧಿಕಾರವನ್ನು ಸ್ತ್ರೀಯರಿಗೂ ಸಮನಾಗಿ ಕೊಟ್ಟ ಧರ್ಮದಲ್ಲಿ, ಪೂಜೆಯ ಹೊತ್ತನ್ನು ಹಬ್ಬದ ಹೆಸರಿನಲ್ಲಿ ಅವಳಿಂದ ಕಿತ್ತುಕೊಳ್ಳುವುದು ಸಣ್ಣ ಅಪರಾಧವಲ್ಲ.

ಕಲ್ಯಾಣದಲ್ಲಿ ಅಳತೆಯನ್ನು ಹೇಳಿದವಳು ಹೆಂಡತಿ, ಕೇಳಿ ನಡೆದವನು ಗಂಡ. ಗೃಹಸ್ಥನು ಹಬ್ಬಕ್ಕೆ ಯಾರನ್ನಾದರೂ ಕರೆಯುವ ಮೊದಲೇ, "ಈ ಸಲ ಎಷ್ಟು ಮಂದಿಯನ್ನು ಕರೆಯೋಣ?" ಎಂದು ಒಳಗೆ ಕೇಳಲಿ, ಅವಳು ಹೇಳಿದ ಲೆಕ್ಕವೇ ನಿಲ್ಲಲಿ. ಪೂಜೆ ಮುಗಿದ ಮೇಲೆ ಒಲೆ ಹೊತ್ತಲಿ, ಎಲೆ ತೆಗೆಯುವುದಕ್ಕೆ ಗಂಡುಮಕ್ಕಳೂ ಏಳಲಿ. ಈ ಸಲ ಕರೆಯಲಾಗದ ಎರಡು ಮನೆಯವರನ್ನು ರಾಗಿಯ ಕಣ ಮುಗಿದ ಮೇಲೆ, ಅವರೆಕಾಯಿಯ ಕಾಲದಲ್ಲಿ ಕರೆಯಬಹುದು. ಆಗ ಒಂದು ಹುಳಿ, ಒಂದು ಮುದ್ದೆ ಸಾಕು.