ಪ್ರದರ್ಶನದ ಕಾರು, ಪರದೇಶದ ಕಾರು: ಒಂದು ಲೆಕ್ಕಪಾಠ

ಕಳೆದ ವರ್ಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಶೇಕಡಾವಾರು ಲೆಕ್ಕಗಳನ್ನು ಕಲಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ಪ್ರಶ್ನೆಯೊಂದನ್ನು ಕೇಳಿದಳು. ಅವಳ ತಂದೆ ಹದಿನಾರು ವರ್ಷ ಕೊಲ್ಲಿ ನಾಡಿನಲ್ಲಿ ದುಡಿದು, ಇನ್ನು ಊರಿನಲ್ಲಿಯೇ ನೆಲೆಸಬೇಕೆಂದು ಹೊರಟಿದ್ದರು. ಅಲ್ಲಿ ಅವರಿಗೊಂದು ಒಳ್ಳೆಯ ಕಾರು ಇತ್ತು. "ಅದನ್ನು ಹಡಗಿನಲ್ಲಿ ಇಲ್ಲಿಗೆ ತರಿಸುವುದು ಲಾಭವೋ, ಮಂಗಳೂರಿನ ವರ್ತಕರಲ್ಲಿರುವ ಡೆಮೊ ಕಾರನ್ನು ಕೊಳ್ಳುವುದು ಲಾಭವೋ?" ಎಂಬುದೇ ಆ ಪ್ರಶ್ನೆ. ಮನೆಯಲ್ಲಿ ಒಂದು ತಿಂಗಳಿನಿಂದ ಇದೇ ಚರ್ಚೆ ನಡೆದಿತ್ತಂತೆ. ಆ ಉಳಿತಾಯದ ಹಣದಲ್ಲಿಯೇ ಅವಳ ಮುಂದಿನ ವಿದ್ಯಾಭ್ಯಾಸವೂ ಸಾಗಬೇಕಾಗಿತ್ತು. ಆದಕಾರಣ ಅಂದಿನ ಪಾಠವನ್ನು ಬದಿಗಿಟ್ಟು ಈ ಲೆಕ್ಕವನ್ನೇ ಕೈಗೆತ್ತಿಕೊಂಡೆವು. ಕಾಸರಗೋಡಿನ ನಮ್ಮ ಅನೇಕ ಮನೆಗಳಲ್ಲಿ ಇಂತಹ ಪ್ರಶ್ನೆ ಏಳುವುದುಂಟು. ಆದುದರಿಂದ ಅದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತೇನೆ.

ಮೊದಲು ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎರಡು ವಸ್ತುಗಳ ಬೆಲೆಯನ್ನು ಹೋಲಿಸುವಾಗ ಎರಡನ್ನೂ ಒಂದೇ ಸ್ಥಳಕ್ಕೆ ತಂದು ನಿಲ್ಲಿಸಿ ಹೋಲಿಸಬೇಕು. ದುಬೈಯಲ್ಲಿರುವ ಕಾರಿನ ಬೆಲೆಯನ್ನು ಮಂಗಳೂರಿನಲ್ಲಿರುವ ಕಾರಿನ ಬೆಲೆಯೊಡನೆ ಹೋಲಿಸುವುದು ತೋಟದಲ್ಲಿರುವ ಹಸಿ ಅಡಿಕೆಯನ್ನು ಮಂಡಿಯಲ್ಲಿರುವ ಒಣ ಅಡಿಕೆಯೊಡನೆ ಹೋಲಿಸಿದಂತೆ. ಎರಡೂ ನಮ್ಮ ಮನೆಯಂಗಳಕ್ಕೆ ಬಂದು, ನಮ್ಮ ಹೆಸರಿನಲ್ಲಿ ನೋಂದಣಿಯಾಗಿ, ರಸ್ತೆಗಿಳಿಯಲು ಸಿದ್ಧವಾದಾಗ ತಗಲಿದ ಒಟ್ಟು ವೆಚ್ಚವೇ ನಿಜವಾದ ಬೆಲೆ.

ಪರದೇಶದ ಕಾರು

ಕೊಲ್ಲಿ ರಾಷ್ಟ್ರಗಳಲ್ಲಿ ವಾಹನಗಳು ರಸ್ತೆಯ ಬಲಮಗ್ಗುಲಲ್ಲಿ ಚಲಿಸುತ್ತವೆ. ಆದುದರಿಂದ ಅಲ್ಲಿಯ ಕಾರುಗಳ ಚುಕ್ಕಾಣಿಚಕ್ರವು ಎಡಗಡೆಯಲ್ಲಿರುತ್ತದೆ. ನಮ್ಮಲ್ಲಿ ಇದಕ್ಕೆ ವಿಪರೀತ. ಭಾರತದ ಆಮದು ನೀತಿಯ ಪ್ರಕಾರ ತರಿಸುವ ಕಾರಿನ ಚುಕ್ಕಾಣಿಚಕ್ರವು ಬಲಗಡೆಯಲ್ಲಿಯೇ ಇರಬೇಕು. ಮುಂದೀಪಗಳ ಬೆಳಕು ಎಡಮಗ್ಗುಲ ಸಂಚಾರಕ್ಕೆ ಹೊಂದುವಂತಿರಬೇಕು. ವೇಗಮಾಪಕವು ಕಿಲೋಮೀಟರುಗಳನ್ನು ತೋರಿಸಬೇಕು. ಹೀಗಾಗಿ ನಮ್ಮ ವಿದ್ಯಾರ್ಥಿನಿಯ ತಂದೆಯ ಕಾರು ಮೊದಲನೆಯ ಬಾಗಿಲಲ್ಲಿಯೇ ನಿಂತುಹೋಯಿತು. ಅರಬ್ಬೀ ಅಂಕೆಗಳ ಫಲಕವುಳ್ಳ ಕಾರುಗಳು ಒಮ್ಮೊಮ್ಮೆ ನಮ್ಮ ಹೆದ್ದಾರಿಯಲ್ಲಿ ಓಡುವುದನ್ನು ನೀವು ಕಂಡಿರಬಹುದು. ಅವು ಪ್ರವಾಸಕ್ಕಾಗಿ ತಾತ್ಕಾಲಿಕ ಅನುಮತಿಯ ಮೇಲೆ ಬಂದವು. ಗಡುವಿನೊಳಗೆ ಅವುಗಳನ್ನು ಮರಳಿ ಕೊಂಡೊಯ್ಯಬೇಕು. ಅವುಗಳನ್ನು ನೋಡಿ ನಾವೂ ತರಬಹುದೆಂದು ಎಣಿಸುವುದು ತಪ್ಪು.

ಬಲಗಡೆಯ ಚುಕ್ಕಾಣಿಯ ಕಾರುಗಳು ಬ್ರಿಟನ್, ಜಪಾನ್, ಸಿಂಗಾಪುರಗಳಲ್ಲಿ ದೊರೆಯುತ್ತವೆ. ಅಲ್ಲಿಂದ ತರಿಸಬಹುದಲ್ಲವೆ ಎಂದು ಹುಡುಗನೊಬ್ಬ ಕೇಳಿದ. ತರಿಸಬಹುದು, ಆದರೆ ಹಳೆಯ ಕಾರಾದರೆ ಅದು ತಯಾರಾಗಿ ಮೂರು ವರ್ಷಗಳಿಗಿಂತ ಹೆಚ್ಚಾಗಿರಬಾರದು, ಮತ್ತು ಅದು ಮುಂಬಯಿ ಬಂದರಿನ ಮೂಲಕವೇ ಬರಬೇಕು. ಹೊಸದೆನಿಸಬೇಕಾದರೆ ಆ ಕಾರು ಅದಕ್ಕೆ ಮುಂಚೆ ಯಾರಿಗೂ ಮಾರಾಟವಾಗಿರಬಾರದು, ಬಾಡಿಗೆಗೋ ಎರವಿಗೋ ಹೋಗಿರಬಾರದು, ಯಾವ ದೇಶದಲ್ಲಿಯೂ ನೋಂದಣಿಯಾಗಿರಬಾರದು. ಆದುದರಿಂದ ಪರದೇಶದ ವರ್ತಕನು ನೋಂದಣಿ ಮಾಡಿಸಿ ಕೆಲವು ತಿಂಗಳು ಓಡಿಸಿದ ಪ್ರದರ್ಶನದ ಕಾರೂ ನಮ್ಮ ಸುಂಕದ ಕಟ್ಟೆಯಲ್ಲಿ ಹಳೆಯ ಕಾರೇ ಆಗುತ್ತದೆ.

ಈಗ ಸುಂಕದ ಲೆಕ್ಕವನ್ನು ನೋಡೋಣ. ಕಾರಿನ ಮೌಲ್ಯ, ಹಡಗಿನ ಸಾಗಾಣಿಕೆ, ವಿಮೆ ಈ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಸುಂಕ ಬೀಳುತ್ತದೆ. ಹಳೆಯ ಕಾರುಗಳಿಗೆ ಮೊದಲು ಮೂಲ ಸುಂಕವು ನೂರಕ್ಕೆ 125, ಅದರ ಮೇಲಿನ ಉಪಸುಂಕವು 12.5, ಒಟ್ಟು 137.5 ಇತ್ತು. 2025ರ ಫೆಬ್ರವರಿಯ ಬಜೆಟ್ಟಿನಲ್ಲಿ ಮೂಲ ಸುಂಕವನ್ನು 70ಕ್ಕೆ ಇಳಿಸಿ, 67.5ರಷ್ಟು ಕೃಷಿ ಮೂಲಸೌಕರ್ಯ ಉಪಸುಂಕವನ್ನು ವಿಧಿಸಲಾಯಿತು. ಕೂಡಿಸಿ ನೋಡಿರಿ: ಮೊತ್ತವು ಮತ್ತೆ 137.5 ಆಗುತ್ತದೆ. ಸುಂಕ ಇಳಿಯಿತೆಂಬ ಶೀರ್ಷಿಕೆಯನ್ನು ಮಾತ್ರ ಓದಿದವನು ಇಲ್ಲಿ ಮೋಸಹೋಗುವನು.

ಇಷ್ಟಕ್ಕೇ ಮುಗಿಯಲಿಲ್ಲ. ಸುಂಕವನ್ನು ಕೂಡಿಸಿದ ಮೊತ್ತದ ಮೇಲೆ ಸರಕು ಮತ್ತು ಸೇವಾ ತೆರಿಗೆಯನ್ನು ಲೆಕ್ಕಹಾಕುತ್ತಾರೆ. ಅಂದರೆ ತೆರಿಗೆಯ ಮೇಲೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ ಇದು ಸಣ್ಣ ಕಾರುಗಳಿಗೆ ನೂರಕ್ಕೆ 18, ದೊಡ್ಡವುಗಳಿಗೆ 40. ಬಂದರಿಗೆ ಬಂದ ದೊಡ್ಡ ಕಾರೊಂದರ ಮೌಲ್ಯವು 6,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ ಸುಂಕ 8,25,000. ಎರಡೂ ಕೂಡಿ 14,25,000. ಇದರ ಮೇಲೆ ನೂರಕ್ಕೆ 40ರಂತೆ 5,70,000. ಒಟ್ಟು 19,95,000 ರೂಪಾಯಿ. ಆರು ಲಕ್ಷದ ಕಾರು ಮುಂಬಯಿಯ ಬಂದರನ್ನು ದಾಟುವ ಮೊದಲೇ ಇಪ್ಪತ್ತು ಲಕ್ಷದ ಕಾರಾಯಿತು! ತಪಾಸಣೆಯ ವೆಚ್ಚ, ಕಾಸರಗೋಡಿನವರೆಗಿನ ಸಾಗಾಟ, ರಾಜ್ಯದ ರಸ್ತೆ ತೆರಿಗೆ ಇವೆಲ್ಲ ಇನ್ನೂ ಬಾಕಿ. ಹದಿನಾರು ವರ್ಷ ಹೊರನಾಡಿನಲ್ಲಿ ದುಡಿದು ಬಂದವನಿಗೆ ಈ ಸುಂಕದಲ್ಲಿ ವಿನಾಯಿತಿಯಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಮರಳಿ ನೆಲೆಸಲು ಬರುವವರ ಗೃಹೋಪಯೋಗಿ ಸಾಮಾನುಗಳಿಗೆ ಕೆಲವು ರಿಯಾಯಿತಿಗಳಿರುವುದು ನಿಜ. ಕಾರಿಗೆ ಆ ರಿಯಾಯಿತಿ ಅನ್ವಯಿಸದು.

ಇಷ್ಟು ಭಾರವಾದ ಸುಂಕವೇಕೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. 1953ರಲ್ಲಿ ಭಾರತ ಸರಕಾರವು ಕಾರುಗಳ ಬಿಡಿಭಾಗಗಳನ್ನು ಹೊರಗಿನಿಂದ ತಂದು ಇಲ್ಲಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸಬೇಕೆಂದು ನಿರ್ಧರಿಸಿತು. ಆಗ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಇಲ್ಲಿಯ ಜೋಡಣೆಯ ಕೆಲಸವನ್ನು ನಿಲ್ಲಿಸಿದುವು. ಮುಂದೆ 2001ರಲ್ಲಿ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳನ್ನು ತೆಗೆದಾಗ, ಇತರ ದೇಶಗಳ ಹಳೆಯ ಕಾರುಗಳು ಇಲ್ಲಿ ಬಂದು ರಾಶಿಬೀಳದಂತೆ ಸುಂಕವನ್ನೂ ಷರತ್ತುಗಳನ್ನೂ ಬೇಲಿಯಾಗಿ ಕಟ್ಟಲಾಯಿತು. ಬೇಲಿಯು ಯಾತಕ್ಕಾಗಿ ಇದೆಯೆಂಬುದನ್ನು ತಿಳಿದವನು ಅದನ್ನು ಹಾರಲು ಹೋಗಿ ಬಟ್ಟೆ ಹರಿದುಕೊಳ್ಳುವುದಿಲ್ಲ.

ಪ್ರದರ್ಶನದ ಕಾರು

ಹಾಗಾದರೆ ಡೆಮೊ ಕಾರನ್ನು ಕಣ್ಣುಮುಚ್ಚಿ ಕೊಳ್ಳಬಹುದೆ? ಅದೂ ಸಲ್ಲದು. ಗಿರಾಕಿಗಳಿಗೆ ಓಡಿಸಿ ನೋಡಲು ಕೊಡುವ ಕಾರೇ ಡೆಮೊ ಕಾರು. ಅದನ್ನು ವರ್ತಕರು ಸಾಮಾನ್ಯವಾಗಿ ತಮ್ಮ ಸಂಸ್ಥೆಯ ಹೆಸರಿನಲ್ಲಿ ನೋಂದಣಿ ಮಾಡಿಸಿ, ಕೆಲವು ತಿಂಗಳ ಅನಂತರ ಬೆಲೆ ತಗ್ಗಿಸಿ ಮಾರುತ್ತಾರೆ. ಕ್ರಮವಾಗಿ ಸರ್ವಿಸ್ ಆದದ್ದು, ಕಡಿಮೆ ಓಡಿದ್ದು ಎಂಬುದು ಅದರ ಗುಣ. ನೂರಾರು ಮಂದಿ ಅಪರಿಚಿತರು ಅದರ ಕ್ಲಚ್ಚನ್ನೂ ಬ್ರೇಕನ್ನೂ ತುಳಿದಿದ್ದಾರೆಂಬುದು ಅದರ ದೋಷ. ಕಾಗದದ ಮೇಲೆ ಅದನ್ನು ಕೊಳ್ಳುವವನು ಎರಡನೆಯ ಒಡೆಯ.

ಇದರ ಲೆಕ್ಕವನ್ನೂ ಊಹೆಯ ಅಂಕಗಳಿಂದ ಮಾಡೋಣ. ಹೊಸ ಕಾರಿಗೆ 10,00,000 ರೂಪಾಯಿ. ಹತ್ತು ತಿಂಗಳ ಡೆಮೊ ಕಾರಿಗೆ 8,60,000 ರೂಪಾಯಿ. ಮೇಲ್ನೋಟದ ಉಳಿತಾಯ 1,40,000. ಆದರೆ ಕಂಪನಿಯ ವಾರಂಟಿಯು ಸಾಮಾನ್ಯವಾಗಿ ಮೊದಲ ನೋಂದಣಿಯ ದಿನದಿಂದಲೇ ಎಣಿಕೆಯಾಗುವುದರಿಂದ ಹತ್ತು ತಿಂಗಳು ಕಳೆದುಹೋಗಿದೆ. ಅದನ್ನು ವಿಸ್ತರಿಸಲು 20,000. ಸವೆದ ಟೈರುಗಳ ಬಾಬ್ತು 10,000. ಹಳೆಯ ಕಾರಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೆಚ್ಚು ಬಡ್ಡಿಯನ್ನು ಕೇಳುತ್ತವೆ. ಆರು ಲಕ್ಷದ ಸಾಲವನ್ನು ಐದು ವರ್ಷಗಳಲ್ಲಿ ಕಂತುಕಂತಾಗಿ ತೀರಿಸಿದರೆ ಸರಾಸರಿ ಬಾಕಿಯು ಸುಮಾರು ಮೂರು ಲಕ್ಷ. ಅದಕ್ಕೆ ನೂರಕ್ಕೆ 2ರಷ್ಟು ಹೆಚ್ಚಿನ ಬಡ್ಡಿಯಾದರೆ ಐದು ವರ್ಷಕ್ಕೆ 30,000. ಈ ಮೂರನ್ನೂ ಕಳೆದರೆ ಉಳಿಯುವುದು 80,000 ರೂಪಾಯಿ. ಈ ಎಂಬತ್ತು ಸಾವಿರಕ್ಕಾಗಿ ಎರಡನೆಯ ಒಡೆಯನಾಗಲು ಮನಸ್ಸಿದೆಯೆ ಎಂಬುದೇ ನಿಜವಾದ ಪ್ರಶ್ನೆ. ಮುಂದೆ ಮಾರುವಾಗಲೂ ಈ ಕಾರಣದಿಂದ ಬೆಲೆ ಸ್ವಲ್ಪ ತಗ್ಗಬಹುದು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ನಮಗೆ ಮಂಗಳೂರು ಹತ್ತಿರ. ಅಲ್ಲಿಯ ಡೆಮೊ ಕಾರು ಕರ್ನಾಟಕದ ಕೆಎ 19 ಸಂಖ್ಯೆಯಲ್ಲಿ ನೋಂದಣಿಯಾಗಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 47ನೆಯ ಸೆಕ್ಷನಿನಂತೆ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಮೊದಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಕೇರಳದ ತೆರಿಗೆಯನ್ನು ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಪಡೆಯಲು ಪ್ರತ್ಯೇಕ ಅರ್ಜಿ ಹಾಕಬೇಕು. ಕೊಡುವ ಹಣ ಮೊದಲು, ಬರುವ ಹಣ ಆಮೇಲೆ. ಹೊಸ ಕಾರಾದರೆ ತಾತ್ಕಾಲಿಕ ನೋಂದಣಿಯಲ್ಲಿ ತಂದು ನೇರವಾಗಿ ಕಾಸರಗೋಡಿನಲ್ಲಿಯೇ ಕೆಎಲ್ 14 ಸಂಖ್ಯೆಯನ್ನು ಪಡೆಯಬಹುದು. ಆದುದರಿಂದ ಮಂಗಳೂರಿನ ಡೆಮೊ ಕಾರಿನ ಬೆಲೆಯನ್ನು ಕೇಳಿದ ಕೂಡಲೆ ಈ ತೆರಿಗೆಯನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳತಕ್ಕದ್ದು.

ಕೊಳ್ಳುವ ಮೊದಲು ನೋಡತಕ್ಕ ಅಂಶಗಳು

ಹಸುವನ್ನು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲನ್ನೂ ಕೆಚ್ಚಲನ್ನೂ ನೋಡುತ್ತಿದ್ದರು. ಕಾರಿಗೂ ಅಂತಹ ಪರೀಕ್ಷೆಗಳಿವೆ.

ಒಂದು: ನೋಂದಣಿ ಪತ್ರದಲ್ಲಿರುವ ಷಾಸಿ ಸಂಖ್ಯೆಯನ್ನು ಕಾರಿನ ಮೇಲೆ ಕೆತ್ತಿದ ಸಂಖ್ಯೆಯೊಡನೆ ಒಂದೊಂದೇ ಅಕ್ಷರವಾಗಿ ತಾಳೆನೋಡಬೇಕು. ಅದರಲ್ಲಿ ಹದಿನೇಳು ಅಕ್ಷರಾಂಕಗಳಿರುತ್ತವೆ. ಸೊನ್ನೆ, ಒಂದು ಎಂಬ ಅಂಕೆಗಳೊಡನೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ.

ಎರಡು: ವಾರಂಟಿಯು ಯಾವ ದಿನ ಆರಂಭವಾಯಿತು, ಯಾವ ದಿನ ಮುಗಿಯುತ್ತದೆ ಎಂಬುದನ್ನು ಬರಹದಲ್ಲಿ ಕೇಳಬೇಕು.

ಮೂರು: ವರ್ತಕರು ಆ ಕಾರಿನ ಮೇಲೆ ಸಾಲ ಪಡೆದಿದ್ದರೆ ನೋಂದಣಿ ಪತ್ರದಲ್ಲಿ ಅಡವಿನ ನಮೂದು ಇರುತ್ತದೆ. ಸಾಲ ತೀರಿತೆಂಬ 35ನೆಯ ನಮೂನೆಯ ಪತ್ರ ಬಂದು ಆ ನಮೂದು ತೆಗೆದುಹೋಗುವವರೆಗೆ ಪೂರ್ಣ ಹಣವನ್ನು ಕೊಡಬಾರದು.

ನಾಲ್ಕು: ಸರ್ವಿಸಿನ ದಾಖಲೆಯನ್ನೂ, ಅಪಘಾತಕ್ಕಾಗಿ ವಿಮೆಯ ಹಣ ಪಡೆದಿದ್ದರೆ ಅದರ ವಿವರವನ್ನೂ ನೋಡಬೇಕು.

ಐದು: ಕಾರನ್ನು ಸಪಾಟಾದ ರಸ್ತೆಯಲ್ಲಿ ಮಾತ್ರವಲ್ಲ, ಏರಿನಲ್ಲಿಯೂ ಓಡಿಸಿ ನೋಡಬೇಕು. ಸವೆದ ಕ್ಲಚ್ಚು ಏರಿನಲ್ಲಿ ಗುಟ್ಟು ಬಿಡುತ್ತದೆ.

ಆ ವಿದ್ಯಾರ್ಥಿನಿಯು ಈ ಲೆಕ್ಕವನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು ಹೋಗಿ ಮನೆಯಲ್ಲಿ ತೋರಿಸಿದಳು. ತಂದೆಯು ತಮ್ಮ ಕಾರನ್ನು ಅಲ್ಲಿಯೇ ಮಾರಿ ಬಂದರು. ಅದನ್ನು ಬಿಟ್ಟುಬರುವಾಗ ಅವರಿಗೆ ತುಂಬ ಬೇಸರವಾಯಿತಂತೆ. ಹೊರನಾಡಿನ ಒಂಟಿತನದಲ್ಲಿ ಅದು ಅವರಿಗೆ ಜೊತೆಗಾರನಂತಿತ್ತು. ಇಲ್ಲಿ ಮೊದಲು ನೋಡಿದ ಡೆಮೊ ಕಾರಿನ ವಾರಂಟಿಯ ದಿನಾಂಕವನ್ನು ಬರೆದುಕೊಡಲು ಮಾರುವವರು ಹಿಂಜರಿದರು, ಇವರು ಎದ್ದುಬಂದರು. ಒಂದೂವರೆ ತಿಂಗಳ ಅನಂತರ ಕೇರಳದಲ್ಲಿಯೇ ನೋಂದಣಿಯಾಗಿದ್ದ ಇನ್ನೊಂದನ್ನು, ಎಲ್ಲ ಕಾಗದಗಳನ್ನೂ ನೋಡಿ ಕೊಂಡರು. ಅವಳ ವಿದ್ಯಾಭ್ಯಾಸದ ಹಣಕ್ಕೆ ಕೈಹಾಕುವ ಪ್ರಸಂಗ ಬರಲಿಲ್ಲ.

ಸುಂಕದ ದರಗಳು ವರ್ಷವರ್ಷವೂ ಬದಲಾಗಬಹುದು. ಕೊಳ್ಳುವ ದಿನದ ದರವನ್ನು ಆ ದಿನವೇ ವಿಚಾರಿಸಿಕೊಳ್ಳಬೇಕು. ಆದರೆ ಲೆಕ್ಕದ ಕ್ರಮ ಬದಲಾಗದು. ಹೆತ್ತವರು ದೊಡ್ಡ ವೆಚ್ಚವೊಂದನ್ನು ಮಾಡುವ ಮುನ್ನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕಾಗದ ಪೆನ್ಸಿಲು ಕೊಟ್ಟು ಲೆಕ್ಕ ಹಾಕಿಸಲಿ. ಶೇಕಡಾವಾರು ಪಾಠವು ಪರೀಕ್ಷೆಗಷ್ಟೇ ಅಲ್ಲ, ಮನೆಯ ಹಣವನ್ನು ಕಾಯುವುದಕ್ಕೂ ಇದೆಯೆಂಬುದು ಆಗ ಅವರಿಗೆ ಮನದಟ್ಟಾಗುವುದು.

ಅಭ್ಯಾಸ

1. ಬಂದರಿನಲ್ಲಿ 4,00,000 ರೂಪಾಯಿ ಮೌಲ್ಯದ ಹಳೆಯ ಸಣ್ಣ ಕಾರಿಗೆ ಸುಂಕ ನೂರಕ್ಕೆ 137.5, ಅನಂತರದ ತೆರಿಗೆ ನೂರಕ್ಕೆ 18. ಒಟ್ಟು ವೆಚ್ಚವೆಷ್ಟು?

2. ಮೇಲಿನ ಎರಡು ದರಗಳನ್ನೂ ಕೂಡಿಸಿ ಒಂದೇ ಸಲ ನೂರಕ್ಕೆ 155.5ರಂತೆ ಲೆಕ್ಕಹಾಕಿದರೆ ಉತ್ತರವೇಕೆ ತಪ್ಪುತ್ತದೆ? ಎಷ್ಟು ರೂಪಾಯಿ ತಪ್ಪುತ್ತದೆ?

3. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಕೊಂಡ ವಸ್ತುವೊಂದರ ಅಂಗಡಿಯ ಬೆಲೆಯನ್ನೂ, ಅದು ಮನೆಗೆ ಬಂದು ಬಳಕೆಗೆ ಸಿದ್ಧವಾಗುವವರೆಗಿನ ಒಟ್ಟು ವೆಚ್ಚವನ್ನೂ ಬರೆದು ಹೋಲಿಸಿರಿ.