ರೂಟರ್ ಕೊಳ್ಳುವ ಮುನ್ನ ತಳದ ಚೀಟಿ ಓದಿರಿ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ರೈತರಿಗೆ ಶೇಂಗಾ ಧಾರಣೆ ಮತ್ತು ಮಳೆಯ ಮುನ್ಸೂಚನೆ ತಿಳಿಯಲು, ನೇಕಾರರಿಗೆ ರೇಷ್ಮೆ ಸೀರೆಯ ಚಿತ್ರವನ್ನು ವ್ಯಾಪಾರಿಗೆ ಕಳುಹಿಸಲು ಮನೆಯ ವೈಫೈ ಉಪಯುಕ್ತವಾಗಿದೆ. ಆದರೆ ಡಬ್ಬಿಯ ಮೇಲಿನ ಹೆಸರನ್ನಷ್ಟೇ ನೋಡಿ ರೂಟರ್ ಕೊಂಡರೆ ಹಣ ವ್ಯರ್ಥವಾಗುವ ಸಂಭವವುಂಟು. ಬಿತ್ತನೆ ಬೀಜ ಕೊಳ್ಳುವಾಗ ತಳಿಯ ಹೆಸರಿನೊಡನೆ ಲಾಟ್ ಸಂಖ್ಯೆ, ಮೊಳಕೆ ಪ್ರಮಾಣಗಳನ್ನೂ ಓದುವಂತೆ, ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯನ್ನೂ ಓದತಕ್ಕದ್ದು.

1. ಆವೃತ್ತಿ: ಒಂದೇ ಹೆಸರಿನ ಮಾದರಿಯಲ್ಲಿಯೂ ಒಳಗಿನ ಭಾಗಗಳು ಬದಲಾಗಬಹುದು. ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಇದಕ್ಕೆ ಪ್ರಸಿದ್ಧ ನಿದರ್ಶನ. 2005ರಲ್ಲಿ ಬಂದ ಇದರ 5ನೆಯ ಆವೃತ್ತಿಯಲ್ಲಿ ರ‍್ಯಾಮ್ 16 ಮೆಗಾಬೈಟಿನಿಂದ 8ಕ್ಕೂ, ಫ್ಲ್ಯಾಷ್ ಮೆಮೊರಿ 4ರಿಂದ 2ಕ್ಕೂ ಇಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಆದುದರಿಂದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಒಂದು ಆವೃತ್ತಿಯ ತಂತ್ರಾಂಶವನ್ನು ಇನ್ನೊಂದಕ್ಕೆ ತುಂಬಿದರೆ ರೂಟರ್ ಕೆಟ್ಟುಹೋಗಬಹುದು.

2. ತರಂಗ: ಅಗ್ಗದ ಮಾದರಿಗಳಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇರುತ್ತದೆ; ಉಳಿದವುಗಳಲ್ಲಿ 5 ಗಿಗಾಹರ್ಟ್ಸ್ ಕೂಡ ಇರುತ್ತದೆ. ಎರಡನೆಯದರ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ದಪ್ಪ ಗೋಡೆಯ ಮಾಳಿಗೆ ಮನೆಯಲ್ಲಿ ಒಳಕೋಣೆಗಳಿಗೆ 2.4 ಹೆಚ್ಚು ಅನುಕೂಲ. ತಗಡಿನ ಗೋಡೆ ಎರಡನ್ನೂ ತಡೆಯುತ್ತದೆ.

3. ಆಂಟೆನಾ: ಆಂಟೆನಾಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ದೂರ ಹೆಚ್ಚುವುದಿಲ್ಲ. ಕಡ್ಡಿಯಂಥ ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿ, ರೂಟರನ್ನು ಮನೆಯ ನಡುವೆ ಎತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರವಿಡಬೇಕು. ಮಗ್ಗದ ಮನೆ ಬೇರೆಯಾಗಿದ್ದರೆ 100 ಮೀಟರ್ ಒಳಗೆ ಲ್ಯಾನ್ ತಂತಿ ಎಳೆದು ಅಲ್ಲಿ ಇನ್ನೊಂದು ವೈಫೈ ಉಪಕರಣ ಇಡುವುದು ಲೇಸು.

4. ಪೋರ್ಟ್: ಕೆಲವು ಮಾದರಿಗಳ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್ ಮಾತ್ರ ಸಾಗಿಸುತ್ತದೆ, ಗಿಗಾಬಿಟ್ ಪೋರ್ಟ್ 1000 ಸಾಗಿಸುತ್ತದೆ. 50 ಮೆಗಾಬಿಟ್ ಸಂಪರ್ಕಕ್ಕೆ ಮೊದಲನೆಯದೇ ಸಾಕು. 200 ಮೆಗಾಬಿಟ್ ಸಂಪರ್ಕಕ್ಕೆ ಹಣ ತೆತ್ತು 100ರ ಪೋರ್ಟ್ ಇಟ್ಟುಕೊಂಡರೆ ಅರ್ಧ ಹಣ ನಷ್ಟ.

5. ವಿದ್ಯುತ್: ಕೆಲವು ರೂಟರಿಗೆ 9 ವೋಲ್ಟ್, ಕೆಲವಕ್ಕೆ 12 ವೋಲ್ಟ್ ಬೇಕು. ಪಿನ್ ಕೂತಿತೆಂದು ಬೇರೆಯ ಅಡಾಪ್ಟರ್ ಜೋಡಿಸಬಾರದು, ರೂಟರ್ ಸುಟ್ಟುಹೋದೀತು. ವೋಲ್ಟ್ ಹಾಗೂ ಪಿನ್ನಿನ ಧನ-ಋಣ ಗುರುತು ಸಮನಾಗಿರಬೇಕು. ಆಂಪಿಯರ್ ಸಮ ಅಥವಾ ಹೆಚ್ಚಾಗಿರಬಹುದು. ಕರೆಂಟ್ ಹೋದಾಗ ಬಳಸುವ ಸಣ್ಣ ಯುಪಿಎಸ್‌ಗೂ ಇದೇ ನಿಯಮ.

ಫೈಬರ್ ಸಂಪರ್ಕ ಪಡೆಯುವವರು ಸಂಪರ್ಕದೊಡನೆ ಬರುವ ಪೆಟ್ಟಿಗೆಯಲ್ಲಿಯೇ ವೈಫೈ ಇದೆಯೇ ಎಂದು ಮೊದಲು ವಿಚಾರಿಸಬೇಕು. ಅದು ಮನೆಗೆಲ್ಲ ಸಾಲುವುದಾದರೆ ಬೇರೆ ರೂಟರ್ ಕೊಳ್ಳುವ ಅಗತ್ಯವೇ ಇಲ್ಲ. ಆ ಹಣ ಬೀಜ, ಗೊಬ್ಬರಕ್ಕೆ ಉಳಿಯುತ್ತದೆ.