ಟಿಕೆಟ್ ತಪ್ಪಿದ 1962, ಪ್ರಧಾನಿಯಾದ 1996
ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಪ್ರೈಮರಿಯಲ್ಲಿ ಮತದಾರರು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಟಿಕೆಟ್ ಕೊಡುವವರು ಪಕ್ಷದ ವರಿಷ್ಠರು. ಆ ಟಿಕೆಟ್ ಕೈತಪ್ಪಿದ್ದೇ ತಿರುವಾದ ನಿದರ್ಶನ ಎಚ್.ಡಿ. ದೇವೇಗೌಡರದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರ ಮೇ 18ರಂದು ಜನನ. ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ. 1953ರಲ್ಲಿ ಕಾಂಗ್ರೆಸ್ ಸೇರಿದ್ದರೂ 1962ರ ವಿಧಾನಸಭಾ ಚುನಾವಣೆಗೆ ಟಿಕೆಟ್ ಸಿಗಲಿಲ್ಲ. ಹೊಳೆನರಸೀಪುರದಲ್ಲಿ ಪಕ್ಷೇತರರಾಗಿ ನಿಂತು ಗೆದ್ದೇಬಿಟ್ಟರು. ಅವರ ಮುಂದಿನ ಸ್ವತಂತ್ರ ಹಾದಿಗೆ ಈ ಗೆಲುವೇ ಬುನಾದಿ. ಪರೀಕ್ಷೆಗೆ ಓದುವವರು ಬರೀ ಇಸವಿ ಬಾಯಿಪಾಠ ಮಾಡದೆ ಟಿಕೆಟ್ ತಪ್ಪಿದ್ದಕ್ಕೂ ಮುಂದಿನ ಏರಿಕೆಗೂ ಇರುವ ಈ ನಂಟನ್ನು ಹಿಡಿಯಬೇಕು. ಅದೇ ಹಾದಿಯಲ್ಲಿ ಸಾಗಿ 1994ರ ಡಿಸೆಂಬರ್‌ನಲ್ಲಿ ರಾಜ್ಯದ ಮುಖ್ಯಮಂತ್ರಿ. 1996ರ ಜೂನ್ 1ರಂದು ಸಂಯುಕ್ತ ರಂಗ ಮೈತ್ರಿಕೂಟದ ಪ್ರಧಾನಿ, ಆ ಹುದ್ದೆಗೇರಿದ ಮೊದಲ ಕನ್ನಡಿಗ. ಆಗ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಅಲ್ಲ! ಸದಸ್ಯರಲ್ಲದ ಸಚಿವರಿಗೆ ಸಂವಿಧಾನದ 75(5)ನೇ ವಿಧಿ ಕೊಡುವ ಆರು ತಿಂಗಳ ಅವಧಿಯೊಳಗೆ ರಾಜ್ಯಸಭೆಗೆ ಆಯ್ಕೆಯಾದರು.